ಜಿಂಕೆ ಬೇಟೆಗೆ .308 ಸರಿಯೋ, .270 ಸರಿಯೋ?

ಪ್ರಶ್ನೆ: ಟೆಕ್ಸಾಸ್‌ಗೆ ಬಂದು ಆರು ವರ್ಷವಾಯಿತು, ಎಚ್-1ಬಿ ವೀಸಾದಲ್ಲಿದ್ದೇನೆ. ಈ ಸಲ ಆಫೀಸಿನವರ ಜೊತೆ ಹಿಲ್ ಕಂಟ್ರಿಗೆ ಜಿಂಕೆ ಬೇಟೆಗೆ ಹೊರಟಿದ್ದೇನೆ. ರೈಫಲ್ ಕೊಳ್ಳಬೇಕು. ಯಾವ ಅಳತೆಯ ತೋಟಾದ್ದು ಅನ್ನುವುದೇ ಗೊಂದಲ. ಒಬ್ಬರು .308 ಅಂತಾರೆ, ಒಬ್ಬರು .270, ಇನ್ನೊಬ್ಬರು 6.5 ಕ್ರೀಡ್‌ಮೋರ್. ಯಾರ ಮಾತು ಕೇಳಲಿ?

ಉತ್ತರ: ಮೂವರ ಮಾತೂ ಸರಿಯೇ. ಆದರೆ ನನ್ನನ್ನು ಕೇಳಿದರೆ, ಅವರಲ್ಲಿ ಯಾರೂ ಹೇಳದ .243 ತಗೊಳ್ಳಿ ಅಂತೀನಿ.

.308 ಮತ್ತು .243 ತೋಟಾಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ ನೋಡಿ. ಹಿತ್ತಾಳೆಯ ಮೈ ಹೆಚ್ಚುಕಡಿಮೆ ಒಂದೇ, ಕತ್ತು ಮಾತ್ರ .243ರದ್ದು ಸಪೂರ. 1952ರ .308ರ ಕತ್ತು ಕಿರಿದು ಮಾಡಿ 1955ರಲ್ಲಿ ಇದನ್ನು ತಂದರು. .270 ಕೂಡ ಹೀಗೆಯೇ: 1906ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದ .30-06ರ ವಂಶದ್ದು, ಹುಟ್ಟಿದ್ದು 1925ರಲ್ಲಿ. (ಹೆಸರಿನ ಅಂಕಿ ನಂಬಬೇಡಿ, .270ರ ಗುಂಡಿನ ವ್ಯಾಸ ನಿಜಕ್ಕೂ .277 ಇಂಚು.) 2007ರ ಕ್ರೀಡ್‌ಮೋರ್‌ನ ಉದ್ದನೆಯ ಗುಂಡು ಗಾಳಿಗೆ ಕಡಿಮೆ ಸರಿಯುತ್ತದೆ. ಆ ಲಾಭ ಎದ್ದು ಕಾಣುವುದು ಬಹಳ ದೂರದ ಗುರಿಗೆ. ಫೀಡರ್ (ಕಾಳು ಉದುರಿಸುವ ಡಬ್ಬ) ಹತ್ತಿರ ಮೇಯುವ ಜಿಂಕೆ ಸಾಮಾನ್ಯವಾಗಿ ನಿಮ್ಮಿಂದ ಸುಮಾರು 100 ಗಜದಲ್ಲಿರುತ್ತದೆ. 200 ಗಜಕ್ಕೆ ಗುರಿ ಹೊಂದಿಸಿದರೆ 300 ಗಜದಲ್ಲಿ .308 ಸುಮಾರು 8 ಇಂಚು ಇಳಿಯುತ್ತದೆ, .270 ಆರೂವರೆ. ಜನ ಜಗಳವಾಡುವುದು ಈ ಒಂದೂವರೆ ಇಂಚಿಗೆ!

ನಿಜವಾದ ತೊಂದರೆ ಒದೆತದ್ದು, ಅಂದರೆ ಗುಂಡು ಹಾರುವಾಗ ರೈಫಲ್ ಭುಜಕ್ಕೆ ಕೊಡುವ ಹೊಡೆತದ್ದು. ನನ್ನ ಮೊದಲ ರೈಫಲ್ ಹಗುರವಾದ .30-06. ಗುಂಡು ಎಲ್ಲೆಲ್ಲೋ ಹೋಗುತ್ತಿತ್ತು, ನಾನು ಸ್ಕೋಪನ್ನು ಬೈಯುತ್ತಿದ್ದೆ. ಒಂದು ದಿನ ರೇಂಜ್‌ನಲ್ಲಿ ಗೆಳೆಯ ನನಗೆ ತಿಳಿಯದಂತೆ ಮದ್ದಿಲ್ಲದ ಡಮ್ಮಿ ತೋಟಾ ಹಾಕಿ ಕೊಟ್ಟ. ಟ್ರಿಗರ್ ಒತ್ತಿದೆ. 'ಟಿಕ್' ಅಂದಿತು ಅಷ್ಟೇ, ಆದರೆ ನಳಿಗೆಯ ತುದಿ ಎರಡು ಬೆರಳು ಕೆಳಗೆ ಕುಕ್ಕಿತ್ತು. ಒದೆತ ಬರುತ್ತದೆಂದು ಹೆದರಿ ಕಣ್ಣೂ ಮುಚ್ಚಿದ್ದೆನಂತೆ. ಅಷ್ಟೇ ತೂಕದ ರೈಫಲ್‌ನಲ್ಲಿ .243 ಒದೆಯುವುದು .308ರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಜಿಂಕೆಯ ಎದೆಗೂಡಿನಲ್ಲಿ ನೀವು ಹೊಡೆಯಬೇಕಾದ ಜಾಗ ಒಂದು ಸಣ್ಣ ತಟ್ಟೆಯಷ್ಟು. ಹೆದರದ ಭುಜಕ್ಕೆ ಅದು ಸಿಗುತ್ತದೆ.

ಅಲ್ಲಿ ನಮ್ಮ ಬಂಡೀಪುರದ ಚುಕ್ಕೆ ಜಿಂಕೆಯೂ ಕಂಡೀತು. 1930ರ ದಶಕದಲ್ಲಿ ತಂದು ಬಿಟ್ಟದ್ದು ಈಗ ಕಾಡೆಲ್ಲ ತುಂಬಿದೆ. ಭಾರತದಲ್ಲಿ ಮುಟ್ಟಿದರೆ ಜೈಲು, ಅಲ್ಲಿ ವರ್ಷವಿಡೀ ಬೇಟೆ. ಕೊಬ್ಬಿದ ಗಂಡು 90 ಕೆಜಿ ದಾಟುತ್ತದೆ. ಬರೀ ಅದರ ಹಿಂದೆ ಬೀಳುವುದಾದರೆ .308ಕ್ಕೂ ನನ್ನ ತಕರಾರಿಲ್ಲ.

ಅಂಗಡಿಗೆ ಹೋಗುವ ಮೊದಲು ಬೇಟೆಯ ಲೈಸೆನ್ಸ್ ಮಾಡಿಸಿಕೊಳ್ಳಿ. ನಿಮ್ಮಂಥ ವೀಸಾದವರು ಅದಿಲ್ಲದೆ ಬಂದೂಕು ಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ತೋಟಾ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಗುಂಡಿನ ತೂಕ 90ರಿಂದ 100 ಗ್ರೇನ್, ಅಂದರೆ ಸುಮಾರು ಆರು ಗ್ರಾಂ, ಎಂದಿರಲಿ. ಅದೇ ಶೆಲ್ಫಿನಲ್ಲಿ 55 ಗ್ರೇನಿನ .243 ಕೂಡ ಇರುತ್ತದೆ. ಅದು ನರಿ, ಕಯೋಟಿಗಳಿಗೆ. ಜಿಂಕೆಯ ಭುಜದ ಮೂಳೆಗೆ ತಗುಲಿದರೆ ಒಳಗಿಳಿಯುವ ಮೊದಲೇ ಪುಡಿಯಾಗುತ್ತದೆ, ಗಾಯಗೊಂಡ ಪ್ರಾಣಿ ಪೊದೆ ಸೇರುತ್ತದೆ.