ಒಬ್ಬ ಆಪರೇಟರ್, ಎಷ್ಟು ಡ್ರೋನ್? ಆ 1 ಎಲ್ಲಿಂದ ಬಂತು?

ಒಬ್ಬರೇ ದೂರದಲ್ಲಿ ಕೂತು ಒಟ್ಟಿಗೆ ಎಷ್ಟು ಡ್ರೋನ್ ನೋಡಿಕೊಳ್ಳಬಹುದು ಅನ್ನುವ ಲೆಕ್ಕಕ್ಕೆ ಫ್ಯಾನ್-ಔಟ್ ಅಂತ ಹೆಸರು. ನಾವು ನೋಡದಿದ್ದರೂ ಡ್ರೋನ್ ತನ್ನ ಪಾಡಿಗೆ ಸರಿಯಾಗಿ ಹಾರುವ ಹೊತ್ತು ನೆಗ್ಲೆಕ್ಟ್ ಟೈಮ್. ಅದಕ್ಕೆ ಮುಂದಿನ ಕೆಲಸ ಹೇಳಲು ಹಿಡಿಯುವ ಹೊತ್ತು ಇಂಟರಾಕ್ಷನ್ ಟೈಮ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ 1 ಕೂಡಿಸಬೇಕು.

ಈ 1 ಯಾಕೆ? ನಾನು ಎರಡು ದಿನ ಇಲ್ಲೇ ಸಿಕ್ಕಿಹಾಕಿಕೊಂಡಿದ್ದೆ. ಹಾಳೆ ಮೇಲೆ ಗೆರೆ ಎಳೆದಾಗ ಹೊಳೆಯಿತು. ನೆಗ್ಲೆಕ್ಟ್ 150 ಸೆಕೆಂಡ್, ಇಂಟರಾಕ್ಷನ್ 30 ಅಂದುಕೊಳ್ಳಿ. 0ಯಿಂದ 30ರ ತನಕ ಒಂದನೇ ಡ್ರೋನ್‌ಗೆ ಕೆಲಸ ಹೇಳಿದೆ. ಇನ್ನು 180ರ ತನಕ ಅದು ನನ್ನನ್ನು ಕೇಳುವುದಿಲ್ಲ. 30ರಿಂದ 60 ಎರಡನೆಯದಕ್ಕೆ, 60ರಿಂದ 90 ಮೂರನೆಯದಕ್ಕೆ. ಹೀಗೇ ಹೋದರೆ 150ರಿಂದ 180 ಆರನೆಯದಕ್ಕೆ. ಭಾಗಿಸಿದಾಗ ಬರುವ 5 ಅಂದರೆ ಈ ನಡುವೆ ನೋಡಿದ ಡ್ರೋನ್‌ಗಳು ಮಾತ್ರ. ಅಷ್ಟು ಹೊತ್ತೂ ಹಾರುತ್ತಲೇ ಇದ್ದ ಮೊದಲನೆಯದು ಅದರಲ್ಲಿ ಸೇರಿಲ್ಲ. ಅದೇ ಆ 1. ಒಟ್ಟು 6.

ಆದರೆ ಡ್ರೋನ್‌ಗಳು ಹೀಗೆ ಸಾಲಾಗಿ ಕರೆಯುವುದಿಲ್ಲ. ಅದಕ್ಕೇ ಸಂಶೋಧಕಿ ಮೇರಿ ಕಮಿಂಗ್ಸ್ ಮತ್ತು ಜೊತೆಗಾರರು ಕಾಯುವ ಹೊತ್ತನ್ನೂ ಸೇರಿಸಿದರು. ಎರಡು ಒಟ್ಟಿಗೆ ಕರೆದರೆ ಒಂದು ಕಾಯಲೇಬೇಕು. ಅದಕ್ಕಿಂತ ಮುಖ್ಯ, ಮೂರನೆಯದರ ಪರದೆಯಿಂದ ನಾಲ್ಕನೆಯದಕ್ಕೆ ಕಣ್ಣು ಹೊರಳಿಸಿದಾಗ ಇದು ಎಲ್ಲಿದೆ, ಬ್ಯಾಟರಿ ಎಷ್ಟಿದೆ, ಯಾಕೆ ಕರೆಯಿತು ಅಂತ ತಲೆಗೆ ಹತ್ತಬೇಕು ಅಲ್ವಾ? ಅದಕ್ಕೆ 20 ಸೆಕೆಂಡ್ ಹೋದರೆ ಭಾಗಿಸಬೇಕಾದ್ದು 30ರಿಂದಲ್ಲ, 50ರಿಂದ. 3ಕ್ಕೆ 1 ಕೂಡಿಸಿ, 4. ಆರರಲ್ಲಿ ಎರಡು ಹೋಯಿತು!

ಹಾಗಾದರೆ ಆಟೋಮೇಷನ್ ಜಾಸ್ತಿ ಮಾಡಿ ನೆಗ್ಲೆಕ್ಟ್ ಟೈಮ್ ಉದ್ದ ಮಾಡಿದರಾಯಿತು ಅಂದುಕೊಂಡಿದ್ದೆ. ಅದು ಪೂರ್ತಿ ಸರಿಯಲ್ಲ. ಜಾಸ್ತಿ ಹೊತ್ತು ನೋಡದೆ ಬಿಟ್ಟಷ್ಟೂ ಆ ಡ್ರೋನ್‌ನ ಸ್ಥಿತಿ ನಮ್ಮ ತಲೆಯಿಂದ ಜಾರುತ್ತದೆ. ಆ 20 ಸೆಕೆಂಡ್ 40 ಆಗಬಹುದು. ಮೇಲಿನ ಸಂಖ್ಯೆ ಬೆಳೆಯುವಾಗ ಕೆಳಗಿನದೂ ಬೆಳೆಯುತ್ತದೆ.

ಸಂಶೋಧಕರಾದ ಶೆರಿಡನ್ ಮತ್ತು ವೆರ್‌ಪ್ಲ್ಯಾಂಕ್ 1978ರಲ್ಲಿ ಆಟೋಮೇಷನ್‌ಗೆ, ಅಂದರೆ ಎಷ್ಟು ನಿರ್ಧಾರ ಯಂತ್ರಕ್ಕೆ ಬಿಡುವುದು ಅನ್ನುವುದಕ್ಕೆ, ಕೊಟ್ಟ 10 ಹಂತಗಳಲ್ಲಿ 5 ಮತ್ತು 6 ನೋಡಿಕೊಂಡರೆ ಸದ್ಯಕ್ಕೆ ಸಾಕು. ಐದರಲ್ಲಿ ನಾವು ಒಪ್ಪಿದರೆ ಮಾತ್ರ ಯಂತ್ರ ಮುಂದುವರಿಯುತ್ತದೆ. ಆರರಲ್ಲಿ ಇಷ್ಟು ಹೊತ್ತಿನೊಳಗೆ ತಡೆಯದಿದ್ದರೆ ತಾನೇ ಮಾಡಿಬಿಡುತ್ತದೆ. ಈಗ ಮೇಲಿನ ಲೆಕ್ಕ ಇಲ್ಲಿಗೆ ತನ್ನಿ. ತಡೆಯಲು 10 ಸೆಕೆಂಡ್ ಇದೆ, ಪರಿಸ್ಥಿತಿ ಅರ್ಥವಾಗಲು 20 ಬೇಕು. ಬಟನ್ ಕೈಯಲ್ಲೇ ಇರುತ್ತದೆ, ಡ್ರೋನ್ ಆಗಲೇ ತಿರುಗಿರುತ್ತದೆ.