ಸ್ನಾತಕೋತ್ತರ ವೈದ್ಯಕೀಯ ವಿದ್ಯಾರ್ಥಿಗಳ ಆತ್ಮವಿಶ್ವಾಸ, ಬೆಂಬಲ ಮತ್ತು ಪ್ರೇರಣೆ: ಅಧ್ಯಯನ ಟಿಪ್ಪಣಿ

ಸ್ನಾತಕೋತ್ತರ ವೈದ್ಯಕೀಯ ವಿದ್ಯಾರ್ಥಿ ರೋಗಿಯ ಪಾಲಿಗೆ ವೈದ್ಯ, ರೌಂಡ್ಸ್‌ಗೆ ಬಂದ ಪ್ರಾಧ್ಯಾಪಕರ ಪಾಲಿಗೆ ಇನ್ನೂ ಕಲಿಯುತ್ತಿರುವವರು. ದಿನವಿಡೀ ಈ ಎರಡು ಪಾತ್ರಗಳ ನಡುವೆ ಹೊರಳುವ ನಮ್ಮಂಥವರ ಆತ್ಮವಿಶ್ವಾಸವನ್ನು ಹುಟ್ಟುಗುಣವೆಂದು ಬಗೆಯುವುದು ತಪ್ಪೆಂದು ಈ ವಿಷಯವನ್ನು ಓದುತ್ತ ಹೋದಂತೆ ನನಗೆ ಮನದಟ್ಟಾಯಿತು. ಯಾವ ಕೆಲಸವನ್ನು, ಯಾವ ಹಂತದಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ ನಮಗೆ ಒಪ್ಪಿಸಲಾಯಿತು ಎಂಬುದರ ಮೇಲೆ ಅದು ಬಹುಮಟ್ಟಿಗೆ ನಿಂತಿದೆ.

ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ಸ್ವಸಾಮರ್ಥ್ಯದ ಸಿದ್ಧಾಂತವನ್ನು ಮೊದಲು ಗಮನಿಸೋಣ. ಸ್ವಸಾಮರ್ಥ್ಯವೆಂದರೆ ‘ನಾನು ಸಮರ್ಥ’ ಎಂಬ ಒಟ್ಟಾರೆ ಭಾವನೆಯಲ್ಲ, ‘ಈ ನಿರ್ದಿಷ್ಟ ಕೆಲಸವನ್ನು ನಾನು ಮಾಡಬಲ್ಲೆ’ ಎಂಬ ನಂಬಿಕೆ. ಲಂಬಾರ್ ಪಂಕ್ಚರ್ ಅನ್ನು (ಸೊಂಟದ ಬಳಿ ಬೆನ್ನಿಗೆ ಸೂಜಿ ಹಾಕಿ ಬೆನ್ನುಹುರಿಯ ಸುತ್ತಲ ದ್ರವವನ್ನು ತೆಗೆಯುವುದು) ಸರಾಗವಾಗಿ ಮಾಡುವವರೂ ರೋಗಿ ತೀರಿಕೊಂಡ ಸುದ್ದಿಯನ್ನು ಮನೆಯವರಿಗೆ ತಿಳಿಸುವಾಗ ತಡವರಿಸುವುದು ಇದರಿಂದಲೇ. ಈ ನಂಬಿಕೆಗೆ ಬಂಡೂರ ಗುರುತಿಸಿದ ಮೂಲಗಳು ನಾಲ್ಕು: ಸ್ವತಃ ಮಾಡಿ ಗೆದ್ದ ಅನುಭವ, ನಮ್ಮಂಥವರೇ ಮಾಡುವುದನ್ನು ಕಾಣುವುದು, ಇತರರ ಪ್ರೋತ್ಸಾಹದ ಮಾತು, ಮತ್ತು ಆ ಹೊತ್ತಿನ ದೇಹ ಮನಸ್ಸುಗಳ ಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಪ್ರಬಲವಾದುದು. ಎರಡನೆಯದರಲ್ಲಿ ‘ನಮ್ಮಂಥವರು’ ಎಂಬ ಮಾತಿಗೆ ತೂಕವಿದೆ. ನುರಿತ ಪ್ರಾಧ್ಯಾಪಕರು ಕ್ಷಣಾರ್ಧದಲ್ಲಿ ಇಂಟ್ಯುಬೇಷನ್ (ಉಸಿರಾಟಕ್ಕಾಗಿ ಶ್ವಾಸನಾಳಕ್ಕೆ ಕೊಳವೆ ಇಳಿಸುವುದು) ಮುಗಿಸಿದಾಗ ನಮ್ಮಲ್ಲಿ ಮೆಚ್ಚುಗೆ ಮೂಡುತ್ತದೆ. ನಮಗಿಂತ ಒಂದೇ ವರ್ಷ ಮುಂದಿರುವ ಸೀನಿಯರ್ ಮೊದಲ ಯತ್ನದಲ್ಲಿ ಎಡವಿ, ರೋಗಿಯ ತಲೆಯ ಭಂಗಿಯನ್ನು ಸರಿಪಡಿಸಿ, ಎರಡನೆಯ ಯತ್ನದಲ್ಲಿ ಸಫಲರಾದಾಗ ಮಾತ್ರ ‘ನನ್ನಿಂದಲೂ ಆದೀತು’ ಎನ್ನಿಸುತ್ತದೆ. ನಾಲ್ಕನೆಯ ಮೂಲವನ್ನು ನಾವು ಹೆಚ್ಚಾಗಿ ಮರೆಯುತ್ತೇವೆ. ರಾತ್ರಿಯಿಡೀ ಡ್ಯೂಟಿ ಮಾಡಿದ ಮೇಲೆ ನಸುಕಿನಲ್ಲಿ ಕೈ ನಡುಗಿದರೆ ಅದಕ್ಕೆ ನಿದ್ರೆಗೇಡು ಕಾರಣವಾಗಿರಬಹುದು, ಆದರೆ ದಣಿದ ಮನಸ್ಸು ಅದನ್ನು ತನ್ನ ಅಸಾಮರ್ಥ್ಯವೆಂದೇ ಓದಿಕೊಳ್ಳುತ್ತದೆ.

ಇನ್ನು ಬೆಂಬಲ. ಸಮಾಜವಿಜ್ಞಾನಿ ಜೇಮ್ಸ್ ಹೌಸ್ 1981ರಲ್ಲಿ ಸಾಮಾಜಿಕ ಬೆಂಬಲವನ್ನು ಭಾವನಾತ್ಮಕ ಆಸರೆ, ಕೆಲಸದಲ್ಲಿ ಕೈಜೋಡಿಸುವುದು, ಮಾಹಿತಿ ನೀಡುವುದು ಮತ್ತು ಮಾಡಿದ್ದನ್ನು ತೂಗಿ ಹೇಳುವುದು ಎಂದು ನಾಲ್ಕಾಗಿ ವಿಂಗಡಿಸಿದರು. ನಮಗೆ ಅತ್ಯಂತ ಕಡಿಮೆ ಸಿಗುವುದು ಕೊನೆಯದು ಎಂಬುದು ನನ್ನ ಅಭಿಪ್ರಾಯ. ಕೇಸ್ ಪ್ರೆಸೆಂಟೇಷನ್ ಆದ ಮೇಲೆ ‘ಚೆನ್ನಾಗಿತ್ತು’ ಎಂಬ ಒಂದು ಮಾತಿಗಿಂತ, ‘ರೋಗಚರಿತ್ರೆ ಕ್ರಮವಾಗಿತ್ತು, ಆದರೆ ಕ್ಷಯದ ಸಾಧ್ಯತೆಯನ್ನು ಏಕೆ ಕೈಬಿಟ್ಟಿರಿ?’ ಎಂಬ ಪ್ರಶ್ನೆ ಹೆಚ್ಚು ಕಲಿಸುತ್ತದೆ. ಮನೋವಿಜ್ಞಾನಿಗಳಾದ ವುಡ್, ಬ್ರೂನರ್ ಮತ್ತು ರಾಸ್ 1976ರಲ್ಲಿ ಕಲಿಕೆಯ ಬೆಂಬಲವನ್ನು ಕಟ್ಟಡದ ಸಾರುವೆಗೆ ಹೋಲಿಸಿದರು: ಕಟ್ಟಡ ತಾನಾಗಿ ನಿಲ್ಲುವವರೆಗೆ ಅದು ಇರಬೇಕು, ಅನಂತರ ಹಂತಹಂತವಾಗಿ ತೆಗೆಯಬೇಕು. ಮೊದಲ ಯತ್ನ ತಪ್ಪಿದೊಡನೆ ಸೂಜಿಯನ್ನು ಕಿತ್ತುಕೊಂಡು ತಾವೇ ಮುಗಿಸುವ ಹಿರಿಯರು ರೋಗಿಯ ಸುರಕ್ಷತೆಗಾಗಿ ಕೆಲವೊಮ್ಮೆ ಹಾಗೆ ಮಾಡಲೇಬೇಕಾದೀತು; ಅದೇ ರೂಢಿಯಾದರೆ ಕಿರಿಯರಿಗೆ ಗೆದ್ದ ಅನುಭವವೇ ದಕ್ಕುವುದಿಲ್ಲ. ಫೋನಿಗೂ ಸಿಗದಂತೆ ದೂರವಿರುವುದು ಇದಕ್ಕಿಂತ ಅಪಾಯಕಾರಿ.

ಪ್ರೇರಣೆಯ ಬಗ್ಗೆ ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರ ಸ್ವನಿರ್ಧಾರ ಸಿದ್ಧಾಂತ ಸ್ವಾಯತ್ತತೆ, ಸಾಮರ್ಥ್ಯ, ಬಾಂಧವ್ಯ ಎಂಬ ಮೂರು ಮೂಲಭೂತ ಅಗತ್ಯಗಳನ್ನು ಹೇಳುತ್ತದೆ. ಸ್ವಾಯತ್ತತೆಯೆಂದರೆ ಒಂಟಿಯಾಗಿ ಬಿಡುವುದಲ್ಲ. ಥೀಸಿಸ್ ವಿಷಯವನ್ನು ಗೈಡ್ ಕೊಟ್ಟಿದ್ದರೂ, ಆ ಪ್ರಶ್ನೆ ಏಕೆ ಮುಖ್ಯವೆಂದು ವಿವರಿಸಿದಾಗ ವಿದ್ಯಾರ್ಥಿ ಅದನ್ನು ತನ್ನದಾಗಿಸಿಕೊಳ್ಳಬಲ್ಲರು.

ಆತ್ಮವಿಶ್ವಾಸವೂ ಸಾಮರ್ಥ್ಯವೂ ಒಂದೇ ಅಲ್ಲವೆಂಬುದನ್ನು ಇಲ್ಲಿ ಗುರುತಿಸಿಕೊಳ್ಳಬೇಕು. ಮನೋವಿಜ್ಞಾನಿಗಳಾದ ಕ್ಲಾನ್ಸ್ ಮತ್ತು ಐಮ್ಸ್ 1978ರಲ್ಲಿ ವಿವರಿಸಿದಂತೆ, ಸಾಧನೆಯ ಪುರಾವೆ ಕಣ್ಣೆದುರಿದ್ದರೂ ತಾವು ಅರ್ಹರಲ್ಲ, ಎಂದಾದರೂ ಸಿಕ್ಕಿಬೀಳುತ್ತೇವೆ ಎಂದು ಒಳಗೇ ನವೆಯುವವರಿದ್ದಾರೆ. ಬರ್ನೌಟ್, ಅಂದರೆ ಕೆಲಸದ ಒತ್ತಡದಿಂದ ಬಸವಳಿಯುವುದು, ಬೇರೆಯದೇ ಸಂಗತಿ: ಭಾವನಾತ್ಮಕ ಬಳಲಿಕೆ, ರೋಗಿಗಳ ಬಗ್ಗೆ ನಿರ್ಲಿಪ್ತತೆ, ಏನನ್ನೂ ಸಾಧಿಸಿಲ್ಲವೆಂಬ ಭಾವ ಅದರ ಲಕ್ಷಣಗಳು. ಖಿನ್ನತೆಯಂತೂ ಕಾಯಿಲೆ, ಅದನ್ನು ಪ್ರೇರಣೆಯ ಕೊರತೆಯೆಂದು ಎಣಿಸಲೇಬಾರದು. ಅಂಥ ಸಹಪಾಠಿಗೆ ‘ಮನಸ್ಸು ಗಟ್ಟಿ ಮಾಡಿಕೋ’ ಎಂದು ಹೇಳಿ ಕಳುಹಿಸದೆ, ಅವರ ಡ್ಯೂಟಿಯನ್ನು ಹಂಚಿಕೊಂಡು, ಮನೋವೈದ್ಯರ ಬಳಿಗೆ ಜೊತೆಯಲ್ಲಿ ಹೋಗಬೇಕು.