ನಂಬರ್ ಇದೆಯಲ್ಲ, ಇನ್ನೇನು ಭಯ?

ಪ್ರಶ್ನೆ: ಮಂಡಿನೋವಿಗೆ ಅಂತ ಪರಿಚಯದವರು ಒಂದು ಸಪ್ಲಿಮೆಂಟ್ ಡಬ್ಬ ಕೊಟ್ಟಿದ್ದಾರೆ. ಎಫ್‌ಎಸ್‌ಎಸ್‌ಎಐ ನಂಬರ್ ಇದೆ. ತಗೋಬಹುದಾ?
– ಓದುಗರು, ದಾವಣಗೆರೆ

ಉತ್ತರ: ಮತ್ತೆ ಅದೇ ಪ್ರಶ್ನೆ. ಡಬ್ಬದ ಹೆಸರು ಬದಲಾಗುತ್ತದೆ, ನೋವಿನ ಜಾಗ ಬದಲಾಗುತ್ತದೆ. "ನಂಬರ್ ಇದೆ, ಗೌರ್ನಮೆಂಟ್‌ನೋರು ಟೆಸ್ಟ್ ಮಾಡಿರ್ತಾರೆ" ಅನ್ನೋ ನಂಬಿಕೆ ಮಾತ್ರ ಬದಲಾಗಲ್ಲ.

ಮಾಡಿರುವುದಿಲ್ಲ. ಎಫ್‌ಎಸ್‌ಎಸ್‌ಎಐ ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ. ಅದರ 14 ಅಂಕಿಯ ನಂಬರ್ ಸಿಗುವುದು ಆಹಾರ ತಯಾರಿಸುವ, ಮಾರುವ ವ್ಯಾಪಾರಕ್ಕೆ. ನಮ್ಮೂರ ಬೆಣ್ಣೆದೋಸೆ ಹೋಟೆಲಿನ ಗಲ್ಲಾದ ಹಿಂದೆ ಗೋಡೆ ನೋಡಿ, ಅಲ್ಲೂ 14 ಅಂಕಿ ತೂಗುಹಾಕಿರುತ್ತಾರೆ. ದೋಸೆ ತಿಂದರೆ ಮಂಡಿನೋವು ಹೋಗುತ್ತೆ ಅಂತ ಯಾರಾದರೂ ನಂಬ್ತೀರಾ? ಕಾನೂನಿನ ಕಣ್ಣಲ್ಲಿ ಸಪ್ಲಿಮೆಂಟ್ ಕೂಡ ಆಹಾರವೇ. 2016ರ ನಿಯಮದ ಪ್ರಕಾರ ಡಬ್ಬದ ಮೇಲೆ 'ನಾಟ್ ಫಾರ್ ಮೆಡಿಸಿನಲ್ ಯೂಸ್' ಅಂತ ಅಚ್ಚು ಹಾಕಲೇಬೇಕು. ಕನ್ನಡಕ ಹಾಕಿಕೊಂಡು ಹುಡುಕಿ. ಇದು ಔಷಧಿಯಲ್ಲ ಅಂತ ಕಂಪನಿಯೇ ಬರೆದುಕೊಟ್ಟಿದೆ! ಸುಳ್ಳು ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಅದಕ್ಕೇ "ನೋವು ಮಾಯ" ಅನ್ನೋ ಮಾತು ಡಬ್ಬದ ಮೇಲೆ ಇರಲ್ಲ, ಮನೆಗೆ ಬಂದು ಕಾಫಿ ಕುಡಿದು ಹೋಗುವವರ ಬಾಯಲ್ಲಿರುತ್ತೆ.

ಹಾಗಂತ ನಂಬರ್ ಬೇಡ ಅಂತಲ್ಲ. ನಂಬರೇ ಇಲ್ಲದ ಡಬ್ಬ ಮುಟ್ಟಬೇಡಿ. ಇದ್ದರೆ ಎಫ್‌ಎಸ್‌ಎಸ್‌ಎಐನ 'ಫಾಸ್ಕಾಸ್' ಜಾಲತಾಣದಲ್ಲಿ ಹಾಕಿ ನೋಡಿ, ಅದು ಯಾರ ಹೆಸರಲ್ಲಿದೆ ಅಂತ ಗೊತ್ತಾಗುತ್ತೆ. ಒಳಗೆ ಯಾವುದು ಎಷ್ಟು ಮಿಲಿಗ್ರಾಂ ಇದೆ ಅಂತ ಬಿಡಿಸಿ ಬರೆಯದೆ ಬರೀ 'ಬ್ಲೆಂಡ್' (ಮಿಶ್ರಣ) ಅಂದಿದ್ದರೆ ವಾಪಸ್ ಕೊಟ್ಟುಬಿಡಿ.

ಆಮೇಲೆ, ನೀವು ಈಗಾಗಲೇ ನುಂಗುತ್ತಿರುವ ಮಾತ್ರೆಗಳು. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ನಾಲ್ಕು ಗಂಟೆ ಅಂತರ ಬೇಕು, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತಗೊಳ್ಳುವವರಿಗೆ ವಿಟಮಿನ್ ಕೆ ಇರುವ ಡಬ್ಬ ತೊಂದರೆ ಕೊಡುತ್ತದೆ. ಡಾಕ್ಟರ್ ಕೇಳಿದಾಗ "ಏನಿಲ್ಲ, ಬರೀ ವಿಟಮಿನ್" ಅಂತ ಮುಚ್ಚಿಡಬೇಡಿ. ಡಬ್ಬವನ್ನೇ ಒಯ್ದು ತೋರಿಸಿ.

ನೀವು ಕೇಳಿಲ್ಲ, ಆದರೂ ಮನೆಯಲ್ಲಿ ಜಿಮ್‌ಗೆ ಹೋಗುವ ಹುಡುಗ ಇದ್ದರೆ ಅವನ ಪ್ರೋಟೀನ್ ಪೌಡರ್ ಬಗ್ಗೆಯೂ ಹೇಳಿಬಿಡುತ್ತೇನೆ. ಲ್ಯಾಬಿನಲ್ಲಿ ಸಾಮಾನ್ಯವಾಗಿ ಅಳೆಯುವುದು ಸಾರಜನಕವನ್ನು, ಅದರಿಂದ ಪ್ರೋಟೀನ್ ಲೆಕ್ಕ ಹಾಕುತ್ತಾರೆ. ಹಾಗಾಗಿ ಸಾರಜನಕ ಇರುವ ಗ್ಲೈಸಿನ್ ಎಂಬ ಅಗ್ಗದ ಅಮೈನೋ ಆಮ್ಲ ಬೆರೆಸಿದರೂ ಅಂಕಿ ಮೇಲೇರುತ್ತದೆ. 60 ಕೆ.ಜಿ. ತೂಗುವವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಸಾಕು, ಕಸರತ್ತು ಮಾಡುವವರಿಗೆ ಇನ್ನಷ್ಟು ಬೇಕು. ಚಳ್ಳಕೆರೆ ಕಡೆಯ ಶೇಂಗಾ 100 ಗ್ರಾಂನಲ್ಲೇ 25 ಗ್ರಾಂ ಸಿಗುತ್ತೆ. ಎಣ್ಣೆ ಅಂಶವೂ ಸುಮಾರು ಅರ್ಧದಷ್ಟು ಇರುವುದರಿಂದ ಒಂದು ಹಿಡಿ ಸಾಕು. ಉಳಿದದ್ದಕ್ಕೆ ಬೇಳೆ, ಮೊಸರು, ಮೊಟ್ಟೆ ಇವೆ.